ಟೊಂಕಕ್ಕೊಂದು ದುರ್ಬೀನು

ಬೆನ್ನುನೋವಿನವರು ಇಷ್ಟು ನಗಿಸುತ್ತಾರೆ ಅಂತ ಮೆಡಿಕಲ್ ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುಮನಾಬಾದಿಗೆ ಬಂದು ಬೋರ್ಡು ಹಾಕಿದ ದಿನದಿಂದ ಆ ಪಾಠ ನಡೆದೇ ಇದೆ. ಅದಕ್ಕೆ ರಜೆಯೂ ಇಲ್ಲ, ನಾನು ಪಾಸಾಗುವ ಲಕ್ಷಣವೂ ಇಲ್ಲ.

ನಾನು ಬೆನ್ನುಮೂಳೆಯ ಆಪರೇಷನ್ ಮಾಡುವವಳು. ಅದೂ ಎಂಡೋಸ್ಕೋಪಿಯಲ್ಲಿ. ಅಂದರೆ ಬೆನ್ನನ್ನು ಉದ್ದಕ್ಕೆ ಸೀಳುವುದಿಲ್ಲ. ಉಗುರಿನಷ್ಟು ಅಗಲ ಕೊಯ್ದು, ಪೆನ್ಸಿಲ್ ದಪ್ಪದ ಕೊಳವೆ ಇಳಿಸಿ, ಒಳಗಿನದನ್ನೆಲ್ಲ ಟಿವಿಯಲ್ಲಿ ನೋಡುತ್ತ, ನರವನ್ನು ಒತ್ತುತ್ತಿರುವ ಚೂರನ್ನು ಚಿಮ್ಮಟದಿಂದ ಎಳೆದು ತೆಗೆಯುವುದು. ಜಪಾನು, ಜರ್ಮನಿ, ಅಮೆರಿಕ, ಕೊರಿಯಾದ ದೊಡ್ಡ ದೊಡ್ಡ ತಲೆಗಳು ವರ್ಷಗಟ್ಟಲೆ ಕೂತು ತಿದ್ದಿ ತೀಡಿದ ವಿದ್ಯೆ ಇದು. "ಕೀಲಿಕೈ ತೂತಿನಿಂದ ಯಾರಾದರೂ ಮನೆ ರಿಪೇರಿ ಮಾಡುತ್ತಾರೇನ್ರಿ" ಅಂತ ನಕ್ಕ ಹಿರಿಯ ಡಾಕ್ಟರುಗಳನ್ನೆಲ್ಲ ದೇಶದೇಶಗಳಲ್ಲಿ ಬಾಯಿ ಮುಚ್ಚಿಸಿ, ಗೆದ್ದು, ಮೆರೆದು ಬಂದ ವಿದ್ಯೆ. ಹುಮನಾಬಾದಿನ ಬೈಪಾಸ್ ದಾಟುವಾಗ ಮಾತ್ರ ಕೊಂಚ ಎಡವಿತು.

ಯಾವ ದುರ್ಬೀನು?

ವಾರಕ್ಕೊಮ್ಮೆ ಬಸವಕಲ್ಯಾಣದಲ್ಲಿ ರೋಗಿಗಳನ್ನು ನೋಡುತ್ತೇನೆ. ಒಂದು ಸಲ ಗೋರ್ಟಾ ಕಡೆಯ ರೈತರೊಬ್ಬರು ಹೆಂಡತಿಯ ಜೊತೆ ಬಂದರು. ಎಪ್ಪತ್ತು ದಾಟಿದವರು. ಬಸ್ ಸ್ಟ್ಯಾಂಡಿನಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ದಾರಿಯ ಪ್ರತಿ ಕಟ್ಟೆಯ ಮೇಲೂ ಕೂತು ಎದ್ದು ಬಂದಿದ್ದರು. ಬೆನ್ನಿನೊಳಗೆ ನರ ಹಾಯುವ ದಾರಿ ಇಕ್ಕಟ್ಟಾಗಿತ್ತು. ಹೀಗೇ ಬಿಟ್ಟರೆ ಹೊಲದ ಮಾತು ಹಾಗಿರಲಿ, ಅಂಗಳ ದಾಟುವುದೂ ಕಷ್ಟವಾಗುತ್ತಿತ್ತು.

'ಎಂಡೋಸ್ಕೋಪಿ' ಅಂದರೆ ಅವರಿಗೆ ತಿಳಿಯದು ಅಂತ, ಮಹಾ ಜಾಣೆ ನಾನು, ನಮ್ಮ ಕಡೆಯ ಮಾತಿನಲ್ಲೇ ಹೇಳಿದೆ.

"ದುರ್ಬೀನ್ ಆಪರೇಷನ್ ಮಾಡೋಣ್ರಿ. ಹೆದರೂದೇನಿಲ್ಲ."

ಯಜಮಾನರ ಕಿವಿ ಸ್ವಲ್ಪ ಮಂದ. ಅವರು ಸುಮ್ಮನೆ ತಲೆಯಾಡಿಸಿದರು. ಹೆಂಡತಿಯ ಮುಖ ಮಾತ್ರ ಕೆಂಪಾಯಿತು. ಸೆರಗು ಬಾಯಿಗಿಟ್ಟುಕೊಂಡು ನನ್ನನ್ನು ಬಾಗಿಲ ಮರೆಗೆ ಕರೆದರು.

"ಡಾಕ್ಟರ್ ಬಾಯಾರ, ಈ ವಯಸ್ಸಿನಾಗ ಅವರಿಗೆ ಅದು ಯಾಕ್ರಿ?"

"ವಯಸ್ಸಾದವರಿಗೇ ಜಾಸ್ತಿ ಬೇಕಾಗ್ತದ್ರಿ. ಮಾಡಿಸಿದ್ರ ಮುಂದ ಆರಾಮ ಇರ್ತಾರ."

"ಆ ವಿಷಯದಾಗ ಅವರು ಯಾವಾಗಿಂದನೋ ಆರಾಮೇ ಅದಾರ್ರಿ!"

"ಹಾಂಗನಬ್ಯಾಡ್ರಿ. ತಡ ಮಾಡಿದ್ರ ಇನ್ನೂ ಹೆಚ್ಚಾಗ್ತದ."

"ಏನ್ ಹೆಚ್ಚಾಗ್ತದ್ರಿ? ಮರಿಮಕ್ಕಳಾಗ್ಯಾವ ನಮಗ! ಮ್ಯಾಲ ನಂದು ಆವಾಗೇ ಕ್ಯಾಂಪಿನಾಗ ಮಾಡ್ಯಾರ. ಒಂದ ಮನ್ಯಾಗ ಎಷ್ಟ್ ಮಂದಿಗಿ ಮಾಡ್ತೀರಿ?"

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ದುರ್ಬೀನ್ ಆಪರೇಷನ್ ಅಂದರೆ ಒಂದೇ ಅರ್ಥ, ಮಕ್ಕಳಾಗದಂತೆ ಹೆಂಗಸರಿಗೆ ಕ್ಯಾಂಪಿನಲ್ಲಿ ಮಾಡುವುದು. ಅದನ್ನು ಹೇಳುತ್ತಿರುವವಳೂ ಲೇಡಿ ಡಾಕ್ಟರು. ಪಾಪ, ಅವರ ಕಡೆಯಿಂದ ತಪ್ಪೇನಿತ್ತು?

ಬಿಡಿಸಿ ಹೇಳಿದ ಮೇಲೆ ನಕ್ಕು ಒಪ್ಪಿದರು. ಯಜಮಾನರು ಈಗ ಹೊಲದ ಬದುವಿನ ಮೇಲೆ ಓಡಾಡುತ್ತಾರೆ. ನಾನೂ ಬುದ್ಧಿ ಕಲಿತು, ದುರ್ಬೀನು ಬಿಟ್ಟು 'ಕ್ಯಾಮೆರಾ ಆಪರೇಷನ್' ಅನ್ನತೊಡಗಿದೆ. ಮುಂದಿನ ವಾರದ ರೋಗಿ ಕಟಿಂಗ್ ಮಾಡಿಸಿಕೊಂಡು, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಇಸ್ತ್ರಿ ಅಂಗಿಯಲ್ಲಿ ಆಪರೇಷನ್ನಿಗೆ ಬಂದ.

ಒಂದು ತೂತಿನವರು, ಎರಡು ತೂತಿನವರು

ಈ ವಿದ್ಯೆ ಕಲಿಯಲು ನಾನು ಸಿಯೋಲ್‌ಗೆ ಹೋಗಿದ್ದೆ. ಕೊರಿಯಾದಲ್ಲಿ ಕಲಿತದ್ದು ಬಹಳ. ಅದರಲ್ಲಿ ಮುಖ್ಯವಾದದ್ದು, ಬೆನ್ನುಮೂಳೆಯ ಡಾಕ್ಟರುಗಳಲ್ಲಿ ಎರಡು ಪಂಗಡ ಇವೆ ಅನ್ನುವುದು. ಒಂದೇ ತೂತು ಮಾಡಿ ಕ್ಯಾಮೆರಾ, ಚಿಮ್ಮಟ ಎರಡನ್ನೂ ಅದರಲ್ಲೇ ಇಳಿಸುವವರು ಒಂದು ಕಡೆ. ಎರಡು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಚಿಮ್ಮಟ ಇಳಿಸುವವರು ಇನ್ನೊಂದು ಕಡೆ. ರೋಗಿ ಎರಡರಿಂದಲೂ ಗುಣವಾಗುತ್ತಾನೆ. ಆದರೆ ಅದು ಮುಖ್ಯ ಅಲ್ಲ. ಅಲ್ಲಿನ ಡಾಕ್ಟರುಗಳ ಸಮ್ಮೇಳನದಲ್ಲಿ ವೇದಿಕೆಯ ಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ತುಟಿ ಕೊಂಕಿಸುತ್ತಿದ್ದರು. ಊಟಕ್ಕೂ ಬೇರೆ ಬೇರೆ ಮೇಜಿಗೆ ಕೂತರು. ಜಗತ್ತಿನ ಮಹಾ ಬುದ್ಧಿವಂತರು ಅರ್ಧ ದಿನ ತೂತು ಎಣಿಸುವುದರಲ್ಲಿ ಕಳೆದದ್ದನ್ನು ಕಣ್ಣಾರೆ ನೋಡಿ ಧನ್ಯಳಾಗಿ ಬಂದೆ.

ಈ ಜಗಳ ದೊಡ್ಡವರಿಗೆ ಮಾತ್ರ ಅಂದುಕೊಂಡಿದ್ದೆ. ಹುಮನಾಬಾದಿನ ಕಿರಾಣಿ ವ್ಯಾಪಾರಿಯೊಬ್ಬರು ಬಂದು ನನ್ನ ಕಣ್ಣು ತೆರೆಸಿದರು. ಎಡಗಾಲಿನಲ್ಲಿ ಉರಿ. ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾಗದೆ, ನಿಂತೇ ಬೇಳೆ ತೂಗುತ್ತಿದ್ದರು. ನಾನು ಸ್ಕ್ಯಾನಿಂಗ್ ಫೋಟೋ ನೋಡಿ, ಒಂದು ತೂತಿನಲ್ಲಿ ಮುಗಿಯುತ್ತದೆ ಅಂದೆ. ಅವರ ಮುಖ ಬಾಡಿತು.

"ಒಂದಾ? ಸೊಲ್ಲಾಪುರದಾಗ ನಮ್ಮ ಸಡ್ಡಕಗ ಎರಡು ಮಾಡ್ಯಾರ್ರಿ."

"ಅವರದು ಬ್ಯಾರೆ ತೊಂದ್ರಿ ಇರಬೇಕು. ನಿಮಗ ಒಂದ ಸಾಕು."

"ಹಾಂಗಲ್ರಿ ಮೇಡಂ. ಮಾವನ ಮನ್ಯಾಗ ಅವನಿಗೆ ಮೊದಲೇ ಮರ್ಯಾದಿ ಜಾಸ್ತಿ. ಈಗ ಇದರಾಗೂ ನಾ ಕಡಿಮಿ ಅಂದ್ರ ಹ್ಯಾಂಗ?"

"ಸಾಹುಕಾರ್ರ, ಇದು ಬೆನ್ನು. ಮಾವ ಕೊಡೂ ಮದುವಿ ಆಹೇರಿ ಅಲ್ಲ."

ಜೊತೆಗೆ ಬಂದ ಹೆಂಡತಿ ತಡೆಯಲಾರದೆ ಬಾಯಿ ಹಾಕಿದರು. "ಇಂಜಕ್ಷನ್ ಸೂಜಿ ನೋಡಿ ಕಣ್ ಮುಚ್ಕೋತಾರ. ಇವರಿಗೆ ಎರಡು ತೂತ ಬೇಕಂತ! ನಿಮಗ ತಿಳಿದಂಗ ಮಾಡ್ರಿ ಮೇಡಂ, ಇವರ ಮಾತ್ ಕೇಳಬ್ಯಾಡ್ರಿ."

ಒಂದೇ ತೂತಿನಲ್ಲಿ ಮಾಡಿದೆ. ಕಾಲಿನ ಉರಿ ಅಂದೇ ಹೋಯಿತು. ಆದರೂ ಮನುಷ್ಯ ಮಂಕಾಗಿಯೇ ಮಲಗಿದ್ದರು. ಹೊಲಿಗೆ ತೆಗೆಯುವ ದಿನ ಸಿಸ್ಟರ್ "ಎರಡ ಹೊಲಿಗಿ ಅವ, ನೋಯೂದಿಲ್ಲ" ಅಂದದ್ದೇ ತಡ, ಬೋರಲು ಮಲಗಿದ್ದವರು ತಲೆ ಎತ್ತಿದರು.

"ಎರಡಾ? ಖರೇನಾ? ಅವನಿಗೆ ತೂತಿಗೊಂದರಂಗ ಎರಡೇ ಹಾಕಿದ್ದು!"

ಅಲ್ಲಿಂದಲೇ ಸೊಲ್ಲಾಪುರಕ್ಕೆ ಫೋನು ಹೋಯಿತು. ಸಿಯೋಲ್‌ನ ಪಂಡಿತರಿಗೆ ಬಗೆಹರಿಯದ ಜಗಳ ನಮ್ಮ ಡ್ರೆಸಿಂಗ್ ರೂಮಿನಲ್ಲಿ ಸಮಬಲದಲ್ಲಿ ಮುಗಿಯಿತು.

ಕಣ್ಣು ಬಿಟ್ಟುಕೊಂಡ ರೋಗಿ

ಈ ಆಪರೇಷನ್ನಿನ ದೊಡ್ಡ ಅನುಕೂಲ ಏನೆಂದರೆ, ಬಹಳ ಸಲ ಪೂರ್ತಿ ಮಂಪರು ಕೊಡಬೇಕಾಗಿಲ್ಲ. ಬೆನ್ನಿನ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ರೋಗಿ ಎಚ್ಚರ ಇರುತ್ತಾನೆ, ನರಕ್ಕೆ ಏನಾದರೂ ತಾಗಿದರೆ ತಾನೇ ಹೇಳುತ್ತಾನೆ. ದೊಡ್ಡ ಅನಾನುಕೂಲವೂ ಅದೇ. ರೋಗಿ ಎಚ್ಚರ ಇರುತ್ತಾನೆ.

ಬಸವಕಲ್ಯಾಣದಲ್ಲಿ ಸೀರೆ ಅಂಗಡಿ ಇಟ್ಟ ಸಾಹುಕಾರರೊಬ್ಬರಿಗೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತನೆಯ ಗಾದಿ ಜಾರಿ, ಕಾಲಿಗೆ ಉರಿ ಹತ್ತಿ ಬಲ ಸೋತಿತ್ತು. ಹೆಬ್ಬೆರಳು ಮೇಲೆತ್ತಲು ಬರುತ್ತಿರಲಿಲ್ಲ. ತಡ ಮಾಡಿದರೆ ಪಾದ ಎಳೆಯುತ್ತ ನಡೆಯಬೇಕಾದೀತು ಅಂತ ನನಗೂ ಚಿಂತೆ. ಬೋರಲು ಮಲಗಿಸಿದೆವು. ನನ್ನ ಟಿವಿ ಅವರ ಕಣ್ಣಿಗೂ ಕಾಣುವಂತೆ ಇತ್ತು.

"ಕಾಲಿಗೆ ಝಳಕ್ ಅಂದ್ರ ಹೇಳ್ರಿ ಸಾಹುಕಾರ್ರ" ಅಂದೆ. ಮನುಷ್ಯ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು.

"ಬಾಯಾರ, ಅದೇನ್ರಿ ಹತ್ತಿ ಹಾಂಗ?"

"ಜಾರಿದ ಗಾದಿ ಚೂರು."

"ತೆಗೀರಿ, ತೆಗೀರಿ. ಅದರ ಬಾಜೂಕ ಇನ್ನೊಂದು ಅದ, ದಪ್ಪಂದು, ಬೆಳ್ಳಗ. ಅದನೂ ತೆಗದ್ ಬಿಡ್ರಿ, ಕಿರಿಕಿರಿನೇ ಬ್ಯಾಡ."

"ಅದು ನಿಮ್ಮ ಕಾಲಿನ ನರ್ರಿ."

ಸಾಹುಕಾರರು ಟಿವಿಯನ್ನು ಇನ್ನೊಮ್ಮೆ ದಿಟ್ಟಿಸಿದರು.

"ಹಾಂಗಾದ್ರ ಇರ್ಲಿ ಬಿಡ್ರಿ."

ನರಕ್ಕೆ ಅಂಟಿಕೊಂಡ ದೊಡ್ಡ ಚೂರನ್ನು ಹಿಡಿದು ನಿಧಾನಕ್ಕೆ ಎಳೆಯತೊಡಗಿದೆ. ಇದೇ ಕಠಿಣ ಗಳಿಗೆ. ಇಷ್ಟು ಹೊತ್ತು ಒದರುತ್ತಿದ್ದ ಮನುಷ್ಯ ತಟ್ಟನೆ ಸುಮ್ಮನಾದರು. "ಸಾಹುಕಾರ್ರ, ಕಾಲು ಹ್ಯಾಂಗದ? ಬೆರಳು ಆಡಸ್ರಿ." ಉತ್ತರ ಇಲ್ಲ. ಕೈ ಅಲ್ಲಿಗೇ ನಿಲ್ಲಿಸಿದೆ. ಅರಿವಳಿಕೆ ಡಾಕ್ಟರು ಗಾಬರಿಯಿಂದ ಬಗ್ಗಿ ಅವರ ಮುಖ ನೋಡಿದರು.

"ಶ್! ಮಾತಾಡಬ್ಯಾಡ್ರಿ" ಅಂದರು ಸಾಹುಕಾರರು, ಟಿವಿಯಿಂದ ಕಣ್ಣು ಕೀಳದೆ. "ಈಗ ಛಲೋ ಸೀನ್ ಬಂದದ."

ಚೂರು ಹೊರಗೆ ಬಂತು. ಹೆಬ್ಬೆರಳು ಮೆಲ್ಲಗೆ ಮೇಲೆದ್ದಿತು. ಅದನ್ನು ಕಂಡು ಅರಿವಳಿಕೆ ಡಾಕ್ಟರು ಹೇಳಿದಾಗ ಸಾಹುಕಾರರು "ಹೋತ್ರಿ... ಉರಿ ಹೋತು" ಅಂತ ಮಗುವಿನಂತೆ ಅತ್ತರು. ಆ ಖುಷಿಯಲ್ಲಿ, ಅವರು ಕೇಳಿದಾಗ ವಿಡಿಯೋ ಕೊಟ್ಟುಬಿಟ್ಟೆ.

ಅವರು ಅದನ್ನು ಅಂಗಡಿಯ ಟಿವಿಯಲ್ಲಿ ಹಾಕಿದರು. ಬಂದವರಿಗೆಲ್ಲ "ನೋಡ್ರಿ, ನನ್ನ ಬೆನ್ನು" ಅಂತ ತೋರಿಸುವುದು. ಒಮ್ಮೆ ನಾನು ಸೀರೆಗೆ ಅಂತ ಹೋದಾಗ, ಮದುವೆ ಜವಳಿಗೆ ಬಂದ ಹೆಣ್ಣುಮಗಳೊಬ್ಬಳು ಕಪಾಟಿನ ಸೀರೆಗಳನ್ನೆಲ್ಲ ತೆಗೆಸಿ, ಯಾವುದೂ ಮನಸ್ಸಿಗೆ ಬಾರದೆ ಕೂತಿದ್ದಳು. ಕೊನೆಗೆ ಟಿವಿಯತ್ತ ಬೆರಳು ತೋರಿಸಿದಳು.

"ಅಣ್ಣಾ, ಅದನ್ನ ತೋರ್ಸು. ಆ ಬಿಳಿ ಮ್ಯಾಗ ಸಣ್ಣ ಸಣ್ಣ ಕೆಂಪು ಎಳಿ ಇರೂದು."

ಏನೇನು ಮಾಡಬಹುದು

ಕೊಹಿನೂರದ ದೊಡ್ಡ ಮನೆಯ ಅತ್ತೆಯೊಬ್ಬರಿಗೆ ಬೆಳಗ್ಗೆ ಆಪರೇಷನ್ ಮಾಡಿದೆ. ಮಧ್ಯಾಹ್ನಕ್ಕೆ ಎದ್ದು ನಡೆದರು. ಜಗತ್ತಿನ ಎಲ್ಲ ಕಡೆ ರೋಗಿಗಳು ಇದಕ್ಕೆ ಖುಷಿಪಡುತ್ತಾರಂತೆ. ಇವರಿಗೆ ನಿರಾಸೆಯಾಯಿತು. ಬಾಳೆಹಣ್ಣು, ಬ್ರೆಡ್ಡು ಹಿಡಿದು ಕ್ರೂಸರ್ ಗಾಡಿ ತುಂಬಿ ಮಾತಾಡಿಸಲು ಬಂದ ಬೀಗರಿಗೆ ಇನ್ನೂ ನಿರಾಸೆ. "ಆರಾಮೇ ಅದಾರಲ್ಲ!" ಅಂದರು, ಮೋಸಹೋದವರಂತೆ.

ಅವರು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದರು. "ಮೇಡಂ, ಮೂರ್ ತಿಂಗಳು ಹಾಸಗಿ ಬಿಟ್ಟು ಏಳಬಾರದು ಅಂತ ಸೊಸಿ ಮುಂದ ಒಂದು ಮಾತ್ ಹೇಳ್ರಿ."

ವರಾಂಡಕ್ಕೆ ಬಂದರೆ ಸೊಸೆ ಕಾದಿದ್ದಳು. "ಮೇಡಂ, ನಾಳಿಂದನೇ ರೊಟ್ಟಿ ಬಡೀಬಹುದು ಅಂತ ಅತ್ತಿ ಮುಂದ ಹೇಳ್ರಿ."

ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಹೇಳಿದೆ. ನಡೆಯಬಹುದು, ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು. ನಡೆಯಬಹುದು ಅನ್ನುವುದು ಸೊಸೆಗೆ ಮಾತ್ರ ಕೇಳಿತು, ಉಳಿದದ್ದು ಅತ್ತೆಗೆ ಮಾತ್ರ.

ಮುಂದಿನ ಸಲ ತೋರಿಸಲು ಬಂದಾಗ ಅತ್ತೆ ಗಂಭೀರವಾಗಿ ಕೇಳಿದರು. "ಎಲ್ಲಾ ಹೇಳಿದ್ರಿ, ಒಂದು ಹೇಳಲಿಲ್ಲ. ನಾ ಮೊದಲಿನಂಗ ಜೋರಾಗಿ ಒದರಬಹುದೇನ್ರಿ?"

ಅವರ ಬೆನ್ನ ಹಿಂದೆ ನಿಂತಿದ್ದ ಸೊಸೆ ಎರಡೂ ಕೈ ಜೋಡಿಸಿ, ಬೇಡ ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದಳು.

ಈ ವಿಷಯದಲ್ಲಿ ಸಂಶೋಧನೆ ಇನ್ನೂ ಸಾಕಷ್ಟು ನಡೆದಿಲ್ಲ ಅಂದೆ.

ಮುತ್ಯಾ ಹೋದ್ರು

ಹುಲಸೂರ ಕಡೆಯ ಒಬ್ಬ ಮುತ್ಯಾ, ಅಂದರೆ ಅಜ್ಜ. ಬದುಕೆಲ್ಲ ಕುರಿಯ ಹಿಂದೆ ನಡೆದ ಜೀವ. ಕೆಲವು ತಿಂಗಳಿಂದ ಕಾಲುನೋವಿಗೆ ಕುರಿ ಮುಂದೆ ಹೋದರೆ ಇವರು ಗಿಡದ ಕೆಳಗೆ ಕೂತು ಕಣ್ಣೀರು ಹಾಕುತ್ತಿದ್ದರಂತೆ. ಮಕ್ಕಳಿಬ್ಬರು, ಹೆಂಡತಿ ಸೇರಿ ಎತ್ತಿ ತಂದರು. ಆಪರೇಷನ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಮುತ್ಯಾ ಕಂಬಳಿ ಮುಸುಕು ಹಾಕಿಕೊಳ್ಳುತ್ತಿದ್ದರು. "ಕುರಿಗಿ ಚಾಕು ಹಚ್ಚೂದು ನೋಡೇನಿ ನಾ. ನನಗ ಬ್ಯಾಡ." ಮಕ್ಕಳು ಕಾಡಿ ಬೇಡಿ ಒಪ್ಪಿಸಿದರು.

ಹೆದರಿಕೆ ಬಹಳ ಇದ್ದದ್ದರಿಂದ ಸ್ವಲ್ಪ ಮಂಪರಿನ ಇಂಜಕ್ಷನ್ ಕೊಟ್ಟೆವು. ಅದರ ಗುಣ ಅಂದರೆ, ಮನುಷ್ಯ ಮಾತಾಡುತ್ತಾನೆ, ಆಮೇಲೆ ಅರ್ಧ ನೆನಪಿರುವುದಿಲ್ಲ. ಮುತ್ಯಾ ಬೋರಲು ಮಲಗಿ ಕುರಿಗಳ ಸುದ್ದಿ ಹೇಳುತ್ತ ಹೋದರು. ನಾನು ಹೂಂ ಅನ್ನುತ್ತ ಕೆಲಸ ಮುಗಿಸಿದೆ. ವಾರ್ಡಿಗೆ ಕಳಿಸಿ, "ಎಚ್ಚರಾದ ಮ್ಯಾಗ ನಿಧಾನಕ್ಕ ನಡಸ್ರಿ" ಅಂತ ಸಿಸ್ಟರಿಗೆ ಹೇಳಿ, ಇನ್ನೊಂದು ಆಪರೇಷನ್ನಿಗೆ ಹೋದೆ.

ಮಕ್ಕಳು, ಹೆಂಡತಿ ಊಟಕ್ಕೆ ಹೋಗಿದ್ದರು. ಸಿಸ್ಟರ್ ಬೇರೆ ರೋಗಿಯ ಹತ್ತಿರ ಇದ್ದಳು. ಮುತ್ಯಾಗೆ ಎಚ್ಚರವಾಯಿತು. ಕಾಲು ಇಳಿಬಿಟ್ಟರು, ನೋವಿಲ್ಲ. ನಿಂತರು, ನೋವಿಲ್ಲ. ರುಮಾಲು ಸುತ್ತಿ, ಕಂಬಳಿ ಹೆಗಲಿಗೆ ಹಾಕಿ, ಯಾರೋ ಮಾತಾಡಿಸಲು ಬಂದವರು ಎದ್ದು ಹೋಗುವಂತೆ ಬಾಗಿಲು ದಾಟಿ ಹೋದರು.

ಮಕ್ಕಳು, ಹೆಂಡತಿ ವಾಪಸು ಬಂದರೆ ಮಂಚ ಖಾಲಿ. ಸಿಸ್ಟರ್ ಹೊಸಬಳು, ಅವಳಿಗೂ ಗಾಬರಿ. ಹಾಸಿಗೆ ನೋಡಿ, ಬಾಗಿಲು ನೋಡಿ, ತಡವರಿಸುತ್ತ ಅಂದಳು.

"ಮುತ್ಯಾ... ಮುತ್ಯಾ ಹೋದ್ರು ಕಾಣ್ತದ್ರಿ."

ಅಷ್ಟೇ ಸಾಕಾಯಿತು. ಮುತ್ಯಾನ ಹೆಂಡತಿ, ಆಯಿ, ನಿಂತಲ್ಲೇ ಕುಸಿದರು. ಅವರ ಅಳು ಗೇಟಿನ ತನಕ ಹೋಯಿತು, ಗೇಟಿನಿಂದ ರೋಡಿಗೆ ಹೋಯಿತು. ಆಟೋದವರು ಬಂದರು, ಕಬ್ಬಿನ ಹಾಲಿನ ಗಾಡಿಯವನು ಗಾಡಿ ಬಿಟ್ಟು ಬಂದ. ದೊಡ್ಡ ಮಗ ಹುಲಸೂರಿಗೆ ಫೋನ್ ಹಚ್ಚಿ "ಅಪ್ಪ ಹೋದ" ಅಂತ ಬಿಕ್ಕಿದ. ಸಣ್ಣ ಮಗ ನನ್ನ ಬಾಗಿಲು ಬಡಿದ. ಇನ್ನೊಂದು ಆಪರೇಷನ್ ಆಗಷ್ಟೇ ಮುಗಿಸಿದ್ದ ನಾನು ಕೈಗವಸಿನಲ್ಲೇ ಹೊರಗೆ ಓಡಿ ಬಂದೆ.

"ಹೆಣ ಎಲ್ಲಿಟ್ಟೀರಿ? ತೋರಸ್ರಿ!" ಅಂತ ಗುಂಪು.

"ಹೆಣ ಇಲ್ರಿ!" ಅಂತ ನಾನು.

"ನೋಡ್ರಿ, ಹೆಣಾನೂ ಇಲ್ಲಂತ!"

ಆಪರೇಷನ್ ಚೆನ್ನಾಗಿ ಆಗಿದೆ ಅಂತ ಹೇಳುತ್ತಿದ್ದೇನೆ, ಕೇಳುವವರು ಯಾರು? ಇಷ್ಟರಲ್ಲಿ ಗುಂಪಿನ ಹಿಂದೆ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದ ಮುತ್ಯಾ ಬಂದು ನಿಂತಿದ್ದರು.

"ಯಾರ್ ಹೋದ್ರಪಾ?" ಅಂತ ಪಕ್ಕದ ಆಟೋದವನನ್ನು ಕೇಳಿದರು.

"ಯಾರೋ ಒಬ್ಬ ಮುತ್ಯಾ. ಟೊಂಕದ ಆಪರೇಷನ್ ಮಾಡಿ ಕೊಂದ್ ಹಾಕ್ಯಾರ."

ಮುತ್ಯಾ ಜನರನ್ನು ಸೀಳಿಕೊಂಡು ನುಗ್ಗಿದರು. ಅಳುತ್ತಿದ್ದ ಹೆಂಡತಿಯನ್ನು ದಾಟಿ, ಬಾಯಿ ತೆರೆದು ನಿಂತ ಮಕ್ಕಳನ್ನು ದಾಟಿ, ನೇರ ನನ್ನ ಎದುರಿಗೆ ಬಂದು ಕೈ ಮುಗಿದರು.

"ಬಾಯಾರ, ನಿಮ್ಮ ಕಾಲ ಬೀಳ್ತೀನಿ, ನನಗ ಆಪರೇಷನ್ ಬ್ಯಾಡ್ರಿ!"

ಅಳು ನಿಂತಿತು. ಗುಂಪು ನಿಂತಿತು. ನನ್ನ ಉಸಿರು ಮಾತ್ರ ಆಗ ಶುರುವಾಯಿತು.

"ಮುತ್ಯಾ, ನಿಮ್ಮ ಆಪರೇಷನ್ ಮುಂಜಾನೆನೇ ಆಗ್ಯಾದ!"

"ನನ್ನ ಮುಂದ ಸುಳ್ಳ್ ಹೇಳಬ್ಯಾಡ್ರಿ. ಬೋರಲ ಮಲಗಿಸಿದ್ರಿ, ಕುರಿ ಸುದ್ದಿ ಕೇಳಿದ್ರಿ, ನೀರ್ ಹರದಂಗ ಸಪ್ಪಳಾತು, ನಿದ್ದಿ ಹತ್ತಿತು. ಎದ್ದ ನೋಡಿದ್ರ ನೋವೇ ಇಲ್ಲ. ತಾನೇ ಆರಾಮ ಆದ ಮ್ಯಾಗ ಆಪರೇಷನ್ ಯಾಕ?"

ಮಗ ಅವರ ಬೆನ್ನಿನ ಫೋಟೋ ಮೊಬೈಲಿನಲ್ಲಿ ತೆಗೆದು ತೋರಿಸಿದ. ಪಟ್ಟಿ ನೋಡಿ ಮುತ್ಯಾ, "ಇದು ಸೂಜಿ ಚುಚ್ಚಿದ್ದು" ಅಂದರು. ನಾನು ಬಾಟಲಿಯಲ್ಲಿಟ್ಟಿದ್ದ ಚೂರು ತಂದು ತೋರಿಸಿದೆ. "ಯಾರದೋ ಪಾಪ" ಅಂದರು. ಆಯಿ ಎದ್ದು, ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡ ಬದುಕಿದ ಖುಷಿಗೆ ಅವರನ್ನು ಬಾಯಿಗೆ ಬಂದಂತೆ ಬೈದರು. ಗಂಟೆ ಕಳೆಯುವಷ್ಟರಲ್ಲಿ ಹುಲಸೂರಿನಿಂದ ಜೀಪು ತುಂಬ ಜನ ಅಳುತ್ತ ಬಂದಿಳಿದರು, ದೊಡ್ಡ ಹೂವಿನ ಹಾರ ಹಿಡಿದು. ತಂದ ಹಾರ ವಾಪಸ್ ಒಯ್ಯಬಾರದು ಅಂತ ಯಾರೋ ಹಿರಿಯರು ಹೇಳಿದ್ದಕ್ಕೆ, ಅದನ್ನು ನನ್ನ ಕೊರಳಿಗೆ ಹಾಕಿದರು.

ಮುತ್ಯಾ ಈಗ ಮತ್ತೆ ಕುರಿಯ ಹಿಂದೆ ನಡೆಯುತ್ತಾರೆ. ನನ್ನ ಮೇಲೆ ಬಹಳ ಅಭಿಮಾನ. ಹುಲಸೂರ ಕಡೆಯಿಂದ ಬರುವ ಅರ್ಧ ರೋಗಿಗಳು ಅವರು ಕಳಿಸಿದವರೇ. ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುತ್ತಾರಂತೆ.

"ಹುಮನಾಬಾದಿಗೆ ಹೋಗ್ರಿ. ಬಾಯಾರು ಬಹಳ ಛಲೋ ಅದಾರ. ಬೋರಲ ಮಲಗಸ್ತಾರ, ಮನಿ ಸುದ್ದಿ ಕೇಳ್ತಾರ, ಅಷ್ಟಕ್ಕೇ ಆರಾಮ ಆಗ್ತದ. ಆದ್ರ ಆಪರೇಷನ್ ಅಂತಾರ ನೋಡ್ರಿ, ಅದೊಂದು ಮಾಡಿಸ್ಕೋಬ್ಯಾಡ್ರಿ. ನಾ ಸ್ವಲ್ಪದಾಗ ಉಳದ್ ಬಂದೀನಿ."